ಸೋದರಮಾವನ ತೊಡೆ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಬೆಂಗಳೂರಿನಿಂದ ಯಡೂರಿಗೆ ರಸ್ತೆಯಲ್ಲಿ ಸುಮಾರು 600 ಕಿಲೋಮೀಟರು. ಈ ದೂರವನ್ನು ಕ್ರಮಿಸಲು ನಮಗೆ 11 ಗಂಟೆ ಹಿಡಿಯಿತೆಂದೂ ಹೇಳಬಹುದು, 11 ವರ್ಷ ಹಿಡಿಯಿತೆಂದೂ ಹೇಳಬಹುದು. ಹೊಳೆದಂಡೆಯ ಮೂರು ಎಕರೆ ಕಬ್ಬಿನ ಭೂಮಿಯ ಹಂಚಿಕೆಯಲ್ಲಿ ನನಗೂ ನನ್ನ ಅಣ್ಣನಿಗೂ ಮನಸ್ತಾಪ ಹುಟ್ಟಿ, ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿ, ನಾವು ಪರಸ್ಪರ ಮಾತು ಬಿಟ್ಟು ಅಷ್ಟು ಕಾಲವಾಗಿತ್ತು. ದಾಯಾದಿ ಕಲಹದ ಕಾವ್ಯವನ್ನು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು. ಅದರಿಂದ ನನ್ನ ಸ್ವಭಾವಕ್ಕೆ ವಿಶೇಷ ಲಾಭವೇನೂ ಆದಂತಿಲ್ಲ.

ಮಾಘಮಾಸದ ಒಂದು ಸಂಜೆ ಅಣ್ಣನ ಮಗಳು ದೂರವಾಣಿಯಲ್ಲಿ ಮಾತನಾಡಿದಳು. "ಕಾಕಾ, ಕೂಸಿನ ಜಾವಳ ಐತಿ. ನನಗ ಒಡಹುಟ್ಟಿದವರು ಯಾರೂ ಇಲ್ಲ. ನಿಮ್ಮ ಮಗ ಬರದಿದ್ರ ಕೂಸನ್ನ ಯಾರ ತೊಡಿ ಮ್ಯಾಲ ಕುಂಡರಸೂದು?"

ಚೊಚ್ಚಲ ಕೂದಲು ತೆಗೆಯಿಸುವ ಈ ಸಂಸ್ಕಾರವನ್ನು ಕೆಲವರು ಚೌಲವೆನ್ನುತ್ತಾರೆ. ನಮ್ಮ ಗಡಿಸೀಮೆಯಲ್ಲಿ ಕನ್ನಡಿಗರಿಗೂ ಮರಾಠಿಗರಿಗೂ ಅದು ಜಾವಳವೇ. ಕೂಸು ಆಗ ಕೂಡಬೇಕಾದದ್ದು ಸೋದರಮಾವನ ತೊಡೆಯ ಮೇಲೆ. 'ಸೋದರ' ಎಂಬ ಸಂಸ್ಕೃತ ಶಬ್ದ ಕಟ್ಟುನಿಟ್ಟಿನದು. ಒಂದೇ ಉದರದಲ್ಲಿ ಹುಟ್ಟಿದವನೆಂದು ಅದರ ಅರ್ಥ. ನಮ್ಮ ಮನೆಗಳ ಬಳಕೆ ಅಷ್ಟು ಬಿಗಿಯಾದುದಲ್ಲ. ದೊಡ್ಡಪ್ಪನ ಮಗಳು ನಮ್ಮಲ್ಲಿ ಅಕ್ಕನೋ ತಂಗಿಯೋ ಆಗಿಯೇ ಇರುತ್ತಾಳೆ. ಆದುದರಿಂದ ನನ್ನ ಮಗ ಸೋದರಮಾವನೆಂಬುದರಲ್ಲಿ ವಿವಾದಕ್ಕೆ ಎಡೆಯಿರಲಿಲ್ಲ. ಅಣ್ಣನು ತಾನಾಗಿ ಕರೆದಿಲ್ಲವೆಂದು ನಾನು ವಾದ ಹೂಡಿದೆ. ಮಗನು ನನ್ನ ವಾದವನ್ನು ಕೇಳಲು ನಿಲ್ಲದೆ ಕಾರಿಗೆ ಪೆಟ್ರೋಲು ತುಂಬಿಸಿಕೊಂಡು ಬಂದನು.

ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಒಂದು ಕಾಲಕ್ಕೆ ನಾಲ್ಕನೆಯ ಸಂಖ್ಯೆಯದಾಗಿದ್ದ ಆ ಹೆದ್ದಾರಿ ಈಗ ನಲವತ್ತೆಂಟನೆಯದು. ಊರುಗಳೆಲ್ಲ ಪಕ್ಕಕ್ಕೆ ಸರಿದು ಫಲಕಗಳಾಗಿ ಉಳಿದಿವೆ. ಹಿರಿಯೂರಿನಲ್ಲಿ ವೇದಾವತಿಯನ್ನು ದಾಟುವಾಗ ಬೆಳಕು ಹರಿದಿತ್ತು. ಹರಿಹರದ ತುಂಗಭದ್ರೆಯ ಸೇತುವೆ ಬಂದಾಗ ಗಾಡಿ ನಿಧಾನ ಮಾಡಲು ಹೇಳಿದೆ. 1956ರ ನವೆಂಬರ್ 1ರವರೆಗೆ ಈ ದಂಡೆ ಮೈಸೂರು ರಾಜ್ಯ, ಆ ದಂಡೆ ಮುಂಬಯಿ ರಾಜ್ಯ. ನಮ್ಮ ತಂದೆಯವರು ಮೈಸೂರು ದಸರೆಗೆಂದು ಹೋಗಿಬಂದದ್ದನ್ನು 'ಆ ರಾಜ್ಯಕ್ಕೆ ಹೋಗಿದ್ದೆ' ಎಂದೇ ಹೇಳುತ್ತಿದ್ದರು. ಹೊಳೆಯ ಎರಡೂ ಕಡೆ ಕನ್ನಡವೇ ಇತ್ತು, ನಡುವೆ ಒಂದು ಗೆರೆ ಇತ್ತು. ಗಡಿಗೆರೆಗಳ ಸಂಗತಿ ಆ ಹೊತ್ತಿಗೆ ನನಗೆ ಅಷ್ಟು ಹಿತವಾಗಲಿಲ್ಲ. ಗಾಡಿ ಮುಂದೆ ಬಿಡಲು ಹೇಳಿದೆ.

ಧಾರವಾಡದಲ್ಲಿ ಚಹಾ ಕುಡಿದೆವು. ಎಂ. ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆ, ಆಮೇಲೆ ಬೆಳಗಾವಿ. ಸಂಕೇಶ್ವರದಲ್ಲಿ ಹೆದ್ದಾರಿಯನ್ನು ಬಿಟ್ಟು ಚಿಕ್ಕೋಡಿಯ ದಾರಿ ಹಿಡಿದ ಮೇಲೆ ಮಾತ್ರ ನಮ್ಮ ವೇಗವೆಲ್ಲ ಅಡಗಿತು. ಕಾರ್ಖಾನೆಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು, ಒಂದರ ಹಿಂದೆ ಒಂದು. ಎಡಬಲಗಳಲ್ಲಿ ಕಪ್ಪು ನೆಲ, ಕಬ್ಬಿನ ಪೈರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಮಗನು, "ಇದರಲ್ಲಿ ನಮ್ಮದು ಯಾವುದು?" ಎಂದನು. ನಾನು ಉತ್ತರ ಕೊಡಲಿಲ್ಲ.

ಯಡೂರು ಕೃಷ್ಣೆಯ ದಂಡೆಯ ಮೇಲಿದೆ. ಅಲ್ಲಿಯ ವೀರಭದ್ರನಿಗೆ ಕರ್ನಾಟಕದಲ್ಲಿರುವಷ್ಟೇ ಮಹಾರಾಷ್ಟ್ರದಲ್ಲಿಯೂ ಒಕ್ಕಲುಂಟು. 2022ರಲ್ಲಿ ಶ್ರೀಶೈಲದ ಜಗದ್ಗುರುಗಳು ಪಾದಯಾತ್ರೆ ಹೊರಟದ್ದು ಈ ಊರಿನಿಂದಲೇ. ಕಲ್ಲೋಳದ ಹತ್ತಿರ ದೂಧಗಂಗೆ ಬಂದು ಕೂಡಿದ ಮೇಲೆ ಹೊಳೆಯ ಹರವು ದೊಡ್ಡದಾಗುತ್ತದೆ; ಮಳೆಗಾಲದಲ್ಲಿ ಕಲ್ಲೋಳ–ಯಡೂರು ಸೇತುವೆ ಮುಳುಗುವುದು ಅಲ್ಲಿ ಸುದ್ದಿಯೇ ಅಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಿ ಅಣ್ಣನ ಮನೆಯೊಳಗೆ ನೀರು ಹೊಕ್ಕಿತ್ತೆಂದು ನನಗೆ ಇತರರಿಂದ ತಿಳಿದಿತ್ತು. ಆಗಲೂ ನಾನು ಒಂದು ಮಾತು ಕೇಳಿರಲಿಲ್ಲ. ಗೋಡೆಯ ಮೇಲೆ ನೀರು ನಿಂತ ಕಲೆ ಎದೆಮಟ್ಟದಲ್ಲಿ ಇನ್ನೂ ಉಳಿದಿರುವುದನ್ನು ಈ ಸಲ ಕಣ್ಣಾರೆ ಕಂಡೆ.

ಮರುದಿನ ಗುಡಿಯ ಪ್ರಾಕಾರದಲ್ಲಿ ಜಾವಳ. ನನ್ನ ಮಗ ಚಕ್ಕಳಗುಳಿ ಹಾಕಿ ಕುಳಿತನು. ಹನ್ನೊಂದು ತಿಂಗಳಿನ ಕೂಸು ಅಪರಿಚಿತವಾದ ಆ ತೊಡೆಯನ್ನೂ ಹಡಪದವರ ಕತ್ತಿಯನ್ನೂ ಕಂಡು ಗುಡಿ ಹಾರಿಹೋಗುವಂತೆ ಕಿರುಚಿತು. ತಲೆ ಅಲುಗದಂತೆ ಅಣ್ಣನು ಎರಡು ಕೈಗಳಿಂದ ಹಿಡಿದನು. ಕಾಲು ಹಿಡಿಯಲು ಯಾರೂ ಇರಲಿಲ್ಲ, ನಾನು ಹಿಡಿದೆ. ಹೀಗೆ ಐದಾರು ನಿಮಿಷ ನಾವಿಬ್ಬರೂ ಎದುರುಬದುರಾಗಿ ಕುಳಿತಿದ್ದೆವು. ಅಣ್ಣನ ಕೈ ನಡುಗುತ್ತಿತ್ತು. ಅವನಿಗೆ ಎಪ್ಪತ್ತು ದಾಟಿದೆಯೆಂಬುದು ನನಗೆ ಆಗ ನೆನಪಾಯಿತು.

"ಕಬ್ಬಿನ ಗಾಡಿ ಭಾಳ ಇದ್ದುವೇನು ದಾರ್ಯಾಗ?" ಎಂದನು.

"ಚಿಕ್ಕೋಡಿತನಕ ಇದ್ದವು" ಎಂದೆ.

ಹೋಳಿಗೆಯ ಊಟವಾಯಿತು, ಆಹೇರಿಯಾಯಿತು. ಭೂಮಿಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವ್ಯಾಜ್ಯ ಇನ್ನೂ ಇದೆ. ಮುಂದಿನ ತಾರೀಖೂ ಗೊತ್ತಾಗಿದೆ. ಹೊರಡುವಾಗ ವೈನಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಗಳ ಗಂಟೊಂದನ್ನು ಕಾರಿನಲ್ಲಿಟ್ಟರು. ಚಿತ್ರದುರ್ಗ ದಾಟುವವರೆಗೂ ತಿನ್ನುತ್ತ ಬಂದೆವು. ಬೆಂಗಳೂರು ಮುಟ್ಟಿದಾಗ ಇನ್ನೂ ಎರಡು ಉಳಿದಿದ್ದವು.