ಆಣೆಯ ಓಟು ಓಟಲ್ಲ

(ಬ್ಯಾಡಗಿಯಲ್ಲಿ ಸೇರಿದ್ದ ಕಾರ್ಯಕರ್ತರ ಮುಂದೆ ಆಡಿದ ಮಾತು)



ಇವತ್ತು ನಮ್ಮ ಮುಂದೆ ಒಂದು ಸೂಚನೆ ಬಂದಿದೆ. "ಚುನಾವಣೆ ಬಂದ್ರ ಅವರು ಭಂಡಾರ ಮುಟ್ಟಿಸಿ ಆಣೆ ಮಾಡಿಸ್ತಾರ. ನಾವು ಬಾಬಾಸಾಹೇಬರ ಫೋಟೋ ಮುಟ್ಟಿಸಿ ಆಣೆ ಮಾಡಿಸೋಣ. ಇಲ್ಲಾಂದ್ರ ಕೇರಿ ಓಟು ಒಡೀತದ" ಅಂತ. ಹೇಳಿದವರು ಹೋರಾಟದಲ್ಲಿ ನನಗಿಂತ ಹಿರಿಯರು. ಅವರ ಸಂಕಟ ನನಗೆ ತಿಳಿಯುತ್ತದೆ. ಆದರೂ ಈ ಸೂಚನೆಯನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಮತದಾನದ ಹಿಂದಿನ ರಾತ್ರಿ ಕೇರಿಗೆ ಬರುವವರನ್ನು ನೀವೆಲ್ಲ ಕಂಡಿದ್ದೀರಿ. ಐದು ವರ್ಷ ಕೇರಿಯ ದಾರಿ ಮರೆತವರಿಗೆ ಅವತ್ತು ಕತ್ತಲಲ್ಲೂ ದಾರಿ ಕಾಣಿಸುತ್ತದೆ. ಒಂದು ಕೈಯಲ್ಲಿ ನೋಟು, ಇನ್ನೊಂದು ಕೈಯಲ್ಲಿ ಭಂಡಾರ. "ಇದನ್ನ ಮುಟ್ಟಿ ಹೇಳಬೇ ಯವ್ವಾ, ನಮಗ ಹಾಕ್ತೀನಿ ಅಂತ." ಮುದುಕಿ ಮುಟ್ಟುತ್ತಾಳೆ. ಒಳಗೆ ಮೊಮ್ಮಗ ಮಲಗಿದ್ದಾನೆ. ಮಾತು ತಪ್ಪಿದರೆ ಆ ಕೂಸಿಗೆ ಕೇಡು ಅಂತ ಅವಳ ನಂಬಿಕೆ. ನೋಟು ಎರಡು ದಿನಕ್ಕೆ ಸಂತೆಯಲ್ಲಿ ಕರಗಿತು. ಭಂಡಾರದ ಅಂಜಿಕೆ ಮತಗಟ್ಟೆಯೊಳಗೂ ಅವಳ ಹಿಂದೆ ಹೋಯಿತು.

ಕೊಟ್ಟದ್ದು ಐದು ನೂರು ರೂಪಾಯಿ ಅಂತ ಹಿಡಿಯಿರಿ. 5 ವರ್ಷಕ್ಕೆ ಹಂಚಿದರೆ ದಿನಕ್ಕೆ 27 ಪೈಸೆ. ಈ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ನಮ್ಮ ಹೆಣ್ಣುಮಕ್ಕಳು 27 ಪೈಸೆಗೆ ದಿನವೆಲ್ಲ ಕೈ ಉರಿಸಿಕೊಳ್ತಾರೇನು? ಮಾರುಕಟ್ಟೆಯಲ್ಲಿ ಕಾಯಿಯ ಚೀಲವನ್ನು ಯಾರಾದರೂ ಆಣೆಯ ಮೇಲೆ ತಗೊಳ್ತಾರೇನು? ಕಾಟಾ ಮೇಲೆ ಇಟ್ಟು ತೂಗುತ್ತಾರೆ. ಓಟು ಕೇಳುವಾಗ ಮಾತ್ರ ತೂಕ ಬೇಡ, ಆಣೆ ಸಾಕು!

ನಾನು ದೇವರನ್ನು ಬೈಯಲು ನಿಂತಿಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಗೆ ಮಾಲತೇಶನ ಕಾರ್ಣಿಕ ಆಗುತ್ತದೆ. ಗೊರವಪ್ಪ ಬಿಲ್ಲು ಏರಿ "ಸದ್ದಲೇ" ಅಂದರೆ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಒಂದು ಮಾತು ಬೀಳುತ್ತದೆ. ರೈತ ಅದರಲ್ಲಿ ಮಳೆ ಹುಡುಕುತ್ತಾನೆ, ಬೆಳೆ ಹುಡುಕುತ್ತಾನೆ. ಪುಢಾರಿಗಳು ತಮ್ಮ ಕುರ್ಚಿ ಹುಡುಕುತ್ತಾರೆ. ಹುಡುಕಲಿ. ಆದರೆ ಒಂದು ನೆನಪಿರಲಿ. ಕಾರ್ಣಿಕದಾಗ ದೇವರು ಮಾತಾಡ್ತಾನ, ಮಂದಿ ಸುಮ್ಮನಿರ್ತಾರ. ಮತಗಟ್ಟೆಯಾಗ ಮಂದಿ ಮಾತಾಡಬೇಕು, ದೇವರು ಸುಮ್ಮನಿರಬೇಕು.

ಇದು ನನ್ನೊಬ್ಬನ ಮಾತಲ್ಲ, ಕಾನೂನಿನ ಮಾತು. ನಿನಗೆ ದೇವರ ಸಿಟ್ಟು ತಟ್ಟುತ್ತದೆ ಎಂದು ಮತದಾರನನ್ನು ನಂಬಿಸುವುದು ಅವನ ಸ್ವತಂತ್ರ ಮತದಾನಕ್ಕೆ ಅಡ್ಡಿ ಎಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮು ಹೇಳುತ್ತದೆ. ಅದು ಭ್ರಷ್ಟ ಆಚರಣೆ. ಇಂಥವರಿಗೇ ಓಟು ಹಾಕು ಎಂದು ದಲಿತನನ್ನು ದಲಿತರಲ್ಲದವರು ಬಲವಂತಪಡಿಸಿದರೆ, ಹೆದರಿಸಿದರೆ, 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಲಂಚ ಕೊಟ್ಟವನ ಜೊತೆ ತಗೊಂಡವನಿಗೂ ತಪ್ಪಿದ್ದಲ್ಲ ಎಂಬುದನ್ನೂ ನಮ್ಮವರಿಗೆ ಹೇಳಬೇಕು.

"ಅವಳೇ ಒಪ್ಪಿ ಆಣೆ ಮಾಡಿದಳಲ್ಲ, ಬಲವಂತ ಎಲ್ಲಿ ಬಂತು?" ಎಂದು ಕೇಳುವವರಿದ್ದಾರೆ. ಈ ಒಪ್ಪಿಗೆಯ ಮಾತನ್ನು ನಾವು ಬಹಳ ಕಾಲದಿಂದ ಕೇಳುತ್ತಿದ್ದೇವೆ. ನಮ್ಮ ಹುಡುಗಿಯರಿಗೆ ಮುತ್ತು ಕಟ್ಟಿ ದೇವರಿಗೆ ಬಿಟ್ಟಾಗಲೂ ಒಪ್ಪಿಗೆ ಎಂದರು. 1982ರ ದೇವದಾಸಿ ಕಾಯ್ದೆ ಆ ಬಾಯಿ ಮುಚ್ಚಿಸಿತು. ಹೆಣ್ಣು ಒಪ್ಪಿದ್ದರೂ ಅಷ್ಟೇ, ಒಪ್ಪದಿದ್ದರೂ ಅಷ್ಟೇ, ದೇವರಿಗೆ ಬಿಡುವುದು ಕಾನೂನುಬಾಹಿರ ಎಂದಿತು. ಸೊರಬ ತಾಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನೂ ಭಕ್ತರ ಸ್ವಂತ ಇಷ್ಟ ಎಂದರು. 1986ರ ಮಾರ್ಚ್‌ನಲ್ಲಿ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನು ಹೊಡೆದರು, ಬಟ್ಟೆ ಬಿಚ್ಚಿದರು. ಆಮೇಲೆ ಸರಕಾರ ಅದನ್ನು ನಿಷೇಧಿಸಿತು. ಹಸಿವು ಒಂದು ಕಡೆ, ದೇವರ ಅಂಜಿಕೆ ಇನ್ನೊಂದು ಕಡೆ ನಿಂತು ತಳ್ಳಿದಾಗ ಬಾಯಿಂದ ಬರುವ "ಹೂಂ" ಒಪ್ಪಿಗೆಯಲ್ಲ.

ಹಣೆಬರಹ ಎಂಬ ಇನ್ನೊಂದು ಮಾತಿದೆ. "ಹಿಂದಿನ ಜನ್ಮದ ಪಾಪ, ಕೇರಿಯಲ್ಲಿ ಹುಟ್ಟಿದಿರಿ" ಅಂತ. ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಹಿಂದೂವಾಗಿ ಹುಟ್ಟಿದ್ದು ತಮ್ಮ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದರು. ಮರುದಿನವೇ ಮತಾಂತರ ಆಗಲಿಲ್ಲ. 21 ವರ್ಷ ಓದಿದರು, ವಾದ ಮಾಡಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ನಂಬಿಕೆಯನ್ನು ಆರಿಸಿಕೊಳ್ಳುವುದು ಅಂದರೆ ಹೀಗೆ. ಅಂಥವರ ಫೋಟೋ ಹಿಡಿದು ಒಬ್ಬ ಮುದುಕಿಯನ್ನು ಅರ್ಧ ನಿಮಿಷದಲ್ಲಿ ಹೆದರಿಸುವುದೇ?

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರೇ ಎಚ್ಚರಿಸಿದ್ದರು. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಎಂಬುದು ಆ ಮಾತಿನ ಸಾರ. ಈ ಎಚ್ಚರಿಕೆಯಿಂದ ಅವರು ತಮ್ಮನ್ನು ಹೊರಗಿಟ್ಟುಕೊಳ್ಳಲಿಲ್ಲ. ನಾವು ಯಾಕೆ ಅವರನ್ನು ಹೊರಗಿಡಬೇಕು?

ಇನ್ನು ಲೆಕ್ಕದ ಮಾತು. ಹಾವೇರಿ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ನಿಲ್ಲುವವರೆಲ್ಲ ಪರಿಶಿಷ್ಟರೇ. ಬಾಬಾಸಾಹೇಬರ ಫೋಟೋ ಎಲ್ಲರ ಕರಪತ್ರದಲ್ಲೂ ಇರುತ್ತದೆ. ಆ ಫೋಟೋ ಮುಟ್ಟಿ ಮುದುಕಿ ಯಾರ ಪರ ಆಣೆ ಮಾಡಬೇಕು? ನಾವು ತೋರಿಸಿದವರ ಪರ. ಅಂದರೆ ಗೌಡರು ಕೂತ ಕಟ್ಟೆಯ ಮೇಲೆ ನಾವು ಹೋಗಿ ಕೂತಂತೆ. ಮುದುಕಿ ನಿಂತಲ್ಲೇ ನಿಂತಿರುತ್ತಾಳೆ.

ಗೆದ್ದವರೂ ಆಣೆ ಮಾಡುತ್ತಾರೆ. ಮಂತ್ರಿಯಾಗುವವನು ಭಯ ಪಕ್ಷಪಾತವಿಲ್ಲದೆ ಎಲ್ಲ ಜನರಿಗೂ ನ್ಯಾಯ ಮಾಡುತ್ತೇನೆ ಎಂದು ಪ್ರಮಾಣ ಮಾಡುತ್ತಾನೆ. ದೇವರ ಹೆಸರು ಬೇಕಾದರೆ ಹೇಳಬಹುದು, ಬೇಡವಾದರೆ ಬಿಡಬಹುದು. ಸಂವಿಧಾನ ಅವನಿಗೆ ಆ ಆಯ್ಕೆ ಕೊಟ್ಟಿದೆ. ಕೇರಿಯ ಮುದುಕಿಗೆ ರಾತ್ರಿ ಹತ್ತು ಗಂಟೆಗೆ ಆ ಆಯ್ಕೆ ಯಾರು ಕೊಟ್ಟರು? ಅವನು ತನ್ನ ಪ್ರಮಾಣ ಮರೆತರೆ ರಾಜಕೀಯ ಅನ್ನುತ್ತೇವೆ, ಅವಳು ಮರೆತರೆ ಪಾಪ ಅನ್ನುತ್ತೇವೆ. ಇದು ಯಾವ ನ್ಯಾಯ?

ಹಾಗಾದರೆ ಮಾಡುವುದೇನು? ಚುನಾವಣೆಗೆ ತಿಂಗಳು ಇರುವಾಗಲೇ ಕೇರಿ ಸಭೆ ಕೂಡಿಸಿ. ಸುಡುಗಾಡಿಗೆ ಜಾಗ, ಕುಡಿಯುವ ನೀರು, ಕೂಲಿಯ ದರ, ಹಾಸ್ಟೆಲ್ ಸೀಟು, ಇವನ್ನು ಬರೆದಿಟ್ಟು ನಿಂತವರನ್ನೆಲ್ಲ ಕರೆದು ಕೇಳಿ. ಹೆಣ್ಣುಮಕ್ಕಳೇ ಮೊದಲು ಕೇಳಲಿ. ರಾತ್ರಿ ಭಂಡಾರ ಹಿಡಿದು ಬಂದರೆ ನಾಲ್ಕು ಜನ ಬಾಗಿಲಲ್ಲಿ ನಿಂತು ಹೇಳಿ: "ಭಂಡಾರ ಹಣೀಗೆ ಹಚ್ಕೋತೀವ್ರಿ, ಓಟಿಗೆ ಹಚ್ಚಂಗಿಲ್ಲ." ಆಗಲೇ ಆಣೆ ಮಾಡಿದ ಮುದುಕಿಯನ್ನು ನೋಡಿ ನಗಬೇಡಿ. ಹತ್ತಿರ ಕೂತು ಹೇಳಿ: "ಯವ್ವಾ, ಅಂಜಿಸಿ ಮಾಡಿಸಿದ ಆಣಿ ನಿನಗ ತಟ್ಟಂಗಿಲ್ಲ. ಪಾಪ ಇದ್ರ ಅದು ಮಾಡಿಸಿದವಂದು."

ಇಷ್ಟು ಮಾಡಿದ ಮೇಲೂ ನಾಲ್ಕು ಓಟು ಬೇರೆ ಕಡೆ ಬೀಳಬಹುದು. ಬೀಳಲಿ. ಅಂಜಿಸಿ ಕೂಡಿಸಿದರೆ ದೊಡ್ಡಿ ಆಗುತ್ತದೆ, ಮಾತಾಡಿ ಕೂಡಿದರೆ ಸಂಘಟನೆ ಆಗುತ್ತದೆ. ಸೂಚನೆಯನ್ನು ಕೈಬಿಡಬೇಕೆಂದು ಹಿರಿಯರಲ್ಲಿ ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.

ಜೈಭೀಮ್.