ಊಟದ ಪಟ್ಟಿಗೊಂದು ಪಂಚಾಂಗ

ಈ ಆಹಾರ ಮೇಳದ ದೀಪ ಹಚ್ಚಿದ್ದಾಯಿತು, ಮಳಿಗೆಗಳಲ್ಲಿ ಬಿಸಿ ಆರುವ ಮೊದಲು ಒಂದೇ ವಿಷಯ ಹೇಳುತ್ತೇನೆ. ಶಿರಸಿಗೆ ಬಂದವರೆಲ್ಲ ಇಲ್ಲಿಯ ಊಟ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅವರು ಮೊದಲು ಕೇಳಬೇಕಾದದ್ದು, ಯಾವಾಗ ಸಿಗುತ್ತದೆ ಎಂದು. ಆಲೆಮನೆ ನಡೆಯುವಾಗ ಕಬ್ಬಿನ ಹಾಲು ಬರುತ್ತದೆ, ಆಗ ಮಗುಚಿಟ್ಟ ಮಡಕೆಯ ಮೇಲೆ ತೊಡದೇವು ಏಳುತ್ತದೆ. ಬೇಸಿಗೆಗೆ ಅಪ್ಪೆಹುಳಿ, ಹಲಸಿನ ಹಪ್ಪಳ. ಮಳೆ ಹಿಡಿದ ಮೇಲೆ ಕಳಲೆ, ಕೆಸುವಿನ ಕರಕಲಿ. ಹೋಟೆಲಿಗಾದರೋ ವರ್ಷವಿಡೀ ಒಂದೇ ಪಟ್ಟಿ ಬೇಕು. ಹಾಗಾಗಿಯೇ ಪೇಟೆಯಲ್ಲಿ ಮಸಾಲೆದೋಸೆ, ಗೋಬಿ ಮಂಚೂರಿಗೆ ಬರವಿಲ್ಲ; ತಂಬುಳಿ ಮಾತ್ರ ಮನೆಯ ಹೊಸ್ತಿಲು ದಾಟುವುದು ಅಪರೂಪ.

ತಂಬುಳಿ ಇಟ್ಟರೆ ಕೇಳುವವರಾರು, ಸಂಜೆಗೆ ಕೆಡುತ್ತದಲ್ಲ ಎಂಬ ಹೋಟೆಲಿನವರ ಮಾತು ಸುಳ್ಳೇನಲ್ಲ. ಆದರೆ ಅದಕ್ಕೆ ಬೀಳುವ ಖರ್ಚು ನೋಡಿ. ಒಂದು ಹಿಡಿ ಒಂದೆಲಗ, ಚೂರು ತೆಂಗಿನಕಾಯಿ, ಜೀರಿಗೆ, ಕಾಳುಮೆಣಸು, ಮಜ್ಜಿಗೆ. ಉಳಿದರೂ ದೊಡ್ಡ ನಷ್ಟವಿಲ್ಲ. ಮಧ್ಯಾಹ್ನಕ್ಕೆ ಒಂದೇ ಪಾತ್ರೆ ಮಾಡಲಿ. ಎರಡು ಗಂಟೆಗೆ ‘ಖಾಲಿಯಾಯ್ತು’ ಎಂದು ಹಲಗೆಯ ಮೇಲೆ ಬರೆದರೆ ಹೋಟೆಲಿನ ಮರ್ಯಾದೆ ಹೋಗುವುದಿಲ್ಲ. ಕೇಳುವವರಿಲ್ಲ ಎನ್ನುವುದು ಬಡಿಸಿ ನೋಡಿದ ಮೇಲೆ ಆಡಬೇಕಾದ ಮಾತು.

ಇದಕ್ಕಿಂತ ತೂಕದ ಆಕ್ಷೇಪವೊಂದಿದೆ: ಇಂಥ ಊಟಕ್ಕೆ ಬೇಡಿಕೆ ಹೆಚ್ಚಿದರೆ ಕಾಡು ಬರಿದಾಗದೇ? ನನ್ನನ್ನು ಕಾಡುವುದೂ ಇದೇ. ಶಿರಸಿ ಅಡಿಕೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು, ಉಪ್ಪಿನಕಾಯಿಯ ಮಾವಿನ ಮಿಡಿಯಾದ ಅಪ್ಪೆಮಿಡಿಗೆ ಅದಕ್ಕೂ ಮೊದಲೇ ಬಂದಿತ್ತು. ಆದರೆ ಅಡಿಕೆಗೆ ತೋಟವಿದೆ, ಕಾಯುವ ಯಜಮಾನನಿದ್ದಾನೆ. ಹೊಳೆ, ಹಳ್ಳದ ದಂಡೆಯ ಅಪ್ಪೆಮರಕ್ಕೆ ಯಾರಿದ್ದಾರೆ? ತೊಟ್ಟು ಸಮೇತ ಕೈಯಲ್ಲಿ ಕೊಯ್ದ ಮಿಡಿಯಲ್ಲಿ ಸೊನೆ ಉಳಿಯುತ್ತದೆ, ಉಪ್ಪಿನಕಾಯಿ ವರ್ಷಗಟ್ಟಲೆ ಬಾಳುತ್ತದೆ. ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲೇ ಮೆತ್ತಗಾಗುತ್ತದೆ. ಹಾಗೆ ಕೊಯ್ಯಲು ಎತ್ತರದ ಮರ ಹತ್ತಬೇಕು, ಹೊತ್ತು ಬೇಕು. ಅವಸರದವರು ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಕಸಿ ಗಿಡ ಇದೆಯಲ್ಲ ಎನ್ನಬಹುದು. ಇರಲಿ, ಪ್ರತಿ ಅಂಗಳದಲ್ಲೂ ಇರಲಿ. ಆದರೆ ಅನಂತಭಟ್ಟನ ಅಪ್ಪೆ ಎಂಬ ತಳಿಯಿಂದ ಎಷ್ಟು ಕಸಿ ಕಟ್ಟಿದರೂ ಸಿಗುವುದು ಅನಂತಭಟ್ಟನ ಅಪ್ಪೆಯೇ. ಬೀಜದಿಂದ ಎದ್ದ ಕಾಡುಮರಗಳಲ್ಲಿ ಒಂದರ ಮಿಡಿಗೆ ಜೀರಿಗೆಯ ಪರಿಮಳ, ಇನ್ನೊಂದಕ್ಕೆ ಕರ್ಪೂರದ್ದು. ಕಸಿ ಕಟ್ಟಲು ಕಡ್ಡಿ ಬರಬೇಕಾದದ್ದೂ ಆ ಮರಗಳಿಂದಲೇ. ಬೇಡಿಕೆಯನ್ನು ತಡೆದರೆ ಮರ ಉಳಿಯುತ್ತದೆಂಬ ನಂಬಿಕೆ ನನಗಿಲ್ಲ. ಯಾರಿಗೂ ಬೇಡವಾದ ಮರವನ್ನು ಕಡಿಯುವುದು ಇನ್ನೂ ಸುಲಭ. ಕೈಕೊಯ್ಲಿನ ಮಿಡಿಗೂ ಉದುರಿಸಿದ ಮಿಡಿಗೂ ಬೇರೆ ಬೇರೆ ದರ ಸಿಕ್ಕರೆ ಮಾತ್ರ ಕೊಂಬೆ ಉಳಿದೀತು.

ಆದ್ದರಿಂದ ಉಪ್ಪಿನಕಾಯಿ ಮಳಿಗೆಗೆ ಹೋದಾಗ ರುಚಿ ನೋಡುವುದರ ಜೊತೆಗೆ ಇದು ಯಾವ ಹಳ್ಳದ ಮರದ್ದು, ಹೇಗೆ ಕೊಯ್ದದ್ದು ಎಂದು ಕೇಳಿ. ಉತ್ತರ ಗೊತ್ತಿದ್ದವರು ಭರಣಿಗೆ ಇಪ್ಪತ್ತು ರೂಪಾಯಿ ಹೆಚ್ಚು ಹೇಳಿದರೆ ದಯವಿಟ್ಟು ಚೌಕಾಸಿ ಮಾಡಬೇಡಿ. ಬನ್ನಿ, ಮಳಿಗೆಗಳತ್ತ ಹೋಗೋಣ.