ಓರೆಯಾದ ಮೆಟ್ಟಿಲುಗಳು

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಮೇಲೂರಿನಲ್ಲಿ ಎಳೆ ಎಂದರೆ ರೇಷ್ಮೆಯ ಎಳೆ, ತಂತಿ ಎಂದರೆ ದ್ರಾಕ್ಷಿಯ ಚಪ್ಪರದ ತಂತಿ. ಇವುಗಳಿಗೂ ಸಂಗೀತಕ್ಕೂ ನಂಟಿರಬಹುದೆಂದು ನಾನು ಬಹುಕಾಲ ಎಣಿಸಿರಲಿಲ್ಲ. ಗಿಟಾರಿನ ಮಂದ್ರದ ತಂತಿಗಳಿಗೆ ಹಿಂದೆ ಒಳಗೆ ರೇಷ್ಮೆಯ ಎಳೆಗಳನ್ನಿಟ್ಟು, ಮೇಲೆ ಸಣ್ಣ ಲೋಹದ ತಂತಿಯನ್ನು ಸುತ್ತುತ್ತಿದ್ದರೆಂದೂ, 1940ರ ದಶಕದಲ್ಲಿ ನೈಲಾನ್ ಬಂದಮೇಲೆ ಆ ರೂಢಿ ಹಿಂದೆ ಸರಿಯಿತೆಂದೂ ನನಗೆ ತಿಳಿಸಿದವನು ನನ್ನ ತಂಗಿಯ ಮಗ. ವಿದ್ಯುತ್ ಗಿಟಾರೊಂದನ್ನು ತನ್ನ ಕೈಯಿಂದಲೇ ಮಾಡಹೊರಟ ಹುಡುಗ ಆತ.

ಅವನು ಕಾಗದದ ಮೇಲೆ ಬರೆದು ತೋರಿಸಿದ ನಕ್ಷೆಯನ್ನು ಕಂಡು, ಗೆರೆ ಎಳೆಯಲು ಬಾರದೆಂದೇ ನಾನು ತಿಳಿದೆ. ವೀಣೆಯ ಮೆಟ್ಟಿಲುಗಳು ಏಣಿಯ ಮೆಟ್ಟಿಲುಗಳಂತೆ ಒಂದಕ್ಕೊಂದು ಸಮಾನಾಂತರವಾಗಿ ನಿಂತಿರುತ್ತವೆ. ಈತನ ಮೆಟ್ಟಿಲುಗಳೋ ಬಿಚ್ಚಿದ ಬೀಸಣಿಗೆಯ ಕಡ್ಡಿಗಳು! ನಡುವೆ ಏಳನೆಯದೊಂದು ಮಾತ್ರ ನೇರ. ಅದರ ಮೇಲಿನವು ಒಂದು ಕಡೆಗೆ, ಕೆಳಗಿನವು ಇನ್ನೊಂದು ಕಡೆಗೆ ಓರೆ.

ಕಾರಣವುಂಟು. ಗಿಟಾರಿನ ಆರು ತಂತಿಗಳಲ್ಲಿ ಅತಿ ತಗ್ಗಿನದಕ್ಕೂ ಅತಿ ಎತ್ತರದ್ದಕ್ಕೂ ಎರಡು ಸ್ಥಾಯಿಗಳ ಅಂತರ. ಒಂದು ಸೆಕೆಂಡಿಗೆ ಅದು ಸುಮಾರು 82 ಸಲ ಕಂಪಿಸಿದರೆ ಇದು 330 ಸಲ. ತಂತಿಯ ದಪ್ಪವೂ ಬಿಗಿಯೂ ಒಂದೇ ಆಗಿದ್ದರೆ, ತಗ್ಗಿನ ತಂತಿ ನಾಲ್ಕು ಪಟ್ಟು ಉದ್ದವಿರಬೇಕಾಗುತ್ತಿತ್ತು. ಅಷ್ಟುದ್ದದ ವಾದ್ಯವನ್ನು ಹಿಡಿಯುವ ಕೈ ಎಲ್ಲಿದೆ? ಆದ್ದರಿಂದ ತಂತಿಯನ್ನು ದಪ್ಪ ಮಾಡಿದರು. ದಪ್ಪನಾದ ತಂತಿ ಸೆಟೆದುಕೊಳ್ಳುತ್ತದೆ, ಅದರ ಉಪಸ್ವರಗಳು ಏರುತ್ತವೆ. ಬಿಗಿ ಸಡಿಲಿಸಿದರೆ ನಾದ ಜೋಲುತ್ತದೆ. ಪಿಯಾನೋದಲ್ಲಿ ಪ್ರತಿ ಸ್ವರಕ್ಕೂ ಅದರದೇ ಉದ್ದದ ತಂತಿ. ಅಲ್ಲಿ ಈ ತೊಡಕು ಬಹುಮಟ್ಟಿಗೆ ಇಲ್ಲ. ಗಿಟಾರಿಗೂ ಅದೇ ನ್ಯಾಯವನ್ನು ಸ್ವಲ್ಪ ಮಟ್ಟಿಗೆ ಸಲ್ಲಿಸುವುದೇ ಓರೆ ಮೆಟ್ಟಿಲುಗಳ ಉದ್ದೇಶ. ಹುಡುಗನ ಲೆಕ್ಕದಲ್ಲಿ ಎತ್ತರದ ತಂತಿಗೆ ಇಪ್ಪತ್ತೈದೂವರೆ ಅಂಗುಲ, ತಗ್ಗಿನದಕ್ಕೆ ಇಪ್ಪತ್ತೇಳು. ಒಂದೂವರೆ ಅಂಗುಲದ ಈ ವ್ಯತ್ಯಾಸದಿಂದಲೇ ಆ ತಂತಿಯ ಬಿಗಿ ನೂರಕ್ಕೆ ಹನ್ನೆರಡರಷ್ಟು ಹೆಚ್ಚುತ್ತದೆ.

ಇದು ತೀರ ಹೊಸದೂ ಅಲ್ಲ. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಆರ್ಫೇರಿಯನ್ ಎಂಬ ವಾದ್ಯಕ್ಕೆ ಇಂಥ ಓರೆ ಮೆಟ್ಟಿಲುಗಳಿದ್ದವು. ಮರೆತುಹೋಗಿದ್ದ ಇದಕ್ಕೆ ರಾಲ್ಫ್ ನೋವಾಕ್ ಎಂಬ ಅಮೆರಿಕದ ಕುಶಲಿ 1989ರಲ್ಲಿ ಪೇಟೆಂಟ್ ಪಡೆದ. ಎಲ್ಲ ಗಿಟಾರಿಗೂ ಇದು ಬೇಕೆಂದು ನಾನು ಹೇಳಲಾರೆ. ನೇರ ಮೆಟ್ಟಿಲಿನ ಮೇಲೆ ನುಡಿಸಿದವರ ಹಿರಿಮೆ ಅದರಿಂದ ಕುಗ್ಗಿಲ್ಲ.

ಗಿಟಾರಿನ ಒಡಲಿಗೆ ಹಲಸಿನ ಮರ ಸಿಕ್ಕಿತು. ನಮ್ಮ ಜಿಲ್ಲೆಗೆ ಅಂಟಿಕೊಂಡಿರುವ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದವರು ವೀಣೆ ಕೊರೆಯುವುದೂ ಹಲಸಿನಲ್ಲಿಯೇ. ಮೆಟ್ಟಿಲು ಕೂರಿಸುವ ಪಟ್ಟಿಗೆ ಮಾತ್ರ ಬೀಟೆ ಬೇಕೆಂದ. ನಮ್ಮ ತಂದೆಯವರು ಲೆಕ್ಕ ಬರೆಯುತ್ತಿದ್ದ ಬೀಟೆಯ ಹಲಗೆ ನನ್ನಲ್ಲಿತ್ತು. ಉದ್ದಕ್ಕೆ ಸೀಳಿಸಿ ಅರ್ಧ ಕೊಟ್ಟೆ. ಮಸಿಯ ಕಲೆಯಿದ್ದ ಅರ್ಧವನ್ನು ಇಟ್ಟುಕೊಂಡೆ.

ಹತ್ತು ದಿನದ ಮೇಲೆ ಬಂದವನು ಬಾಗಿಲಲ್ಲೇ ನಿಂತ. “ಹಲಗೆ ಕೆಟ್ಟೋಯ್ತು, ಮಾವ” ಎಂದ.

ಪ್ರತಿ ಮೆಟ್ಟಿಲನ್ನೂ ತಂತಿಯ ಮೇಲ್ತುದಿಯಿಂದಲೇ ಅಳೆಯಬೇಕು. ಅವನು ಹಿಂದಿನ ಸೀಳಿನ ಅಂಚಿನಿಂದ ಮುಂದಿನದನ್ನು ಅಳೆದಿದ್ದ. ಗರಗಸದ ಬಾಯಗಲದಷ್ಟೇ ತಪ್ಪು. ಆದರೆ ಅದು ಸೇರುತ್ತ ಸೇರುತ್ತ, ತಂತಿಯ ನಟ್ಟನಡುವೆ ಇರಬೇಕಾದ ಹನ್ನೆರಡನೆಯ ಮೆಟ್ಟಿಲು ಮೂರು ಮಿಲಿಮೀಟರಿಗೂ ಹೆಚ್ಚು ಆಚೆ ಸರಿದಿತ್ತು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಇದ್ದಿಲು ಬೆರೆಸಿದ ಮೇಣದ ಮೇಲೆ ಕೂತಿರುತ್ತವೆ. ಮೇಳ ಕಟ್ಟುವವರು ಮೇಣವನ್ನು ಬಿಸಿಮಾಡಿ, ಕಿವಿಯಿಟ್ಟು ಕೇಳಿ, ತಪ್ಪಿದ ಮೆಟ್ಟಿಲನ್ನು ಸರಿಸಿ ಕೂರಿಸಬಲ್ಲರು. ಮರದಲ್ಲಿ ಕೊಯ್ದ ಸೀಳು ಸರಿಯುವುದಿಲ್ಲ.

ಉಳಿದರ್ಧವನ್ನು ಅವನು ಕೇಳಲಿಲ್ಲ. ನಾನೂ ಕೊಡುತ್ತೇನೆನ್ನಲಿಲ್ಲ. ನಿಜ ಹೇಳುತ್ತೇನೆ, ಸಿಟ್ಟೂ ಬಂದಿತ್ತು. ಒಂದು ತಿಂಗಳು ಆ ತುಂಡು ಅಟ್ಟದ ಮೇಲೆಯೇ ಇತ್ತು. ಅದನ್ನಿಟ್ಟುಕೊಂಡು ನಾನು ಯಾವ ಲೆಕ್ಕ ಬರೆಯಬೇಕಾಗಿತ್ತು? ಒಂದು ಭಾನುವಾರ ಇಳಿಸಿ, ಧೂಳು ಒರೆಸಿ, ತಂಗಿಯ ಮನೆಗೆ ನಾನೇ ಒಯ್ದೆ.

ಈ ಸಲ ಅಳತೆಗೆ ಇಬ್ಬರೂ ಕೂತೆವು. ಎರಡು ಅಂಚುಗಳಿಗೂ ಬೇರೆ ಬೇರೆ ಲೆಕ್ಕ. ಇರುವ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲು. ಉಳಿದುದನ್ನು ಮತ್ತೆ ಹಾಗೆಯೇ ಭಾಗಿಸಿದರೆ ಎರಡನೆಯದು. ಆದರೆ ಗುರುತು ಹಾಕುವಾಗ ಅವುಗಳನ್ನೆಲ್ಲ ಕೂಡಿಸಿ ಮೇಲ್ತುದಿಯಿಂದಲೇ ಅಳೆಯಬೇಕು. ಏಳನೆಯದನ್ನು ನೇರ ಇಟ್ಟದ್ದರಿಂದ ಮಂದ್ರದ ಅಂಚು ಮೇಲ್ತುದಿಯಲ್ಲಿ ಅರ್ಧ ಅಂಗುಲ, ಕುದುರೆಯ ಬಳಿ ಒಂದು ಅಂಗುಲ ಹೊರಚಾಚಿತು. ಕುದುರೆಯೂ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಸುರುಳಿಯೂ ಅದಕ್ಕೆ ತಕ್ಕಂತೆ ಓರೆಯಾಗಿ ಕೂತವು.

“ಮಂದ್ರದ ಕಡೆ ಎಷ್ಟು, ಮಾವ?” ಎಂದು ಅವನು ಕೇಳುತ್ತಿದ್ದ. ನಾನು ಕನ್ನಡಕ ಸರಿಮಾಡಿಕೊಂಡು ಅಂಕಿಯನ್ನು ಎರಡೆರಡು ಸಲ ಓದುತ್ತಿದ್ದೆ. ಹದಿಮೂರೂವರೆ ಅಂಗುಲಕ್ಕೆ ಸರಿಯಾಗಿ ಹನ್ನೆರಡನೆಯ ಗುರುತು ಬಿದ್ದದ್ದು ನಮ್ಮ ತಂದೆಯವರ ಮಸಿಯ ಕಲೆಯ ಮೇಲೆ. ಉಜ್ಜಿ ತೆಗೆಯಲೇ ಎಂದು ಕೇಳಿದ. ಬೇಡ, ಹಾಗೆಯೇ ಕೊಯ್ಯಿ ಎಂದೆ.